ರಸಮಟ್ಟ

ಮಂದಾಳ ಸಂಘದಿಂದ ಎತ್ತಿದ್ದು ಆರು ಸಾವಿರ.
ಗ್ಯಾಸಿಗೆ, ಮಗಳ ಛತ್ರಿಗೆ ಅಂತ
ಒಂದು ಸಾವಿರದಾ ಇನ್ನೂರು ಅವಳೇ ತೆಗೆದಿಟ್ಟಳು.
ಉಳಿದದ್ದನ್ನು ಒಳಜೇಬಿಗೆ ತುರುಕಿ, ಪಿನ್ನು ಹಾಕಿ
ಕೋಡಿಬಾಗದಿಂದ ಪೇಟೆಗೆ ನಡೆದೇ ಹೋದೆ.
ರಿಕ್ಷಾದ ದುಡ್ಡಿಗೆ
ಒಂದು ಪೊಟ್ಟಣ ಸ್ಕ್ರೂ ಬರುತ್ತದಲ್ಲ.

ಶಾಬಂದ್ರಿ ಸಾಹೇಬರು ನನ್ನ ಪಟ್ಟಿ ಓದಿದರು,
ಕನ್ನಡಕ ಹಣೆಗೇರಿಸಿ ಮತ್ತೊಮ್ಮೆ ಓದಿದರು:
ಡ್ರಿಲ್ಲು, ಗ್ರೈಂಡರು, ಪಾನಾ ಎರಡು ಸೈಜು,
ಕೀಸುಳಿ, ಗರಗಸ, ಮಡಚುವ ಏಣಿ, ಮತ್ತೆ ಏನೇನೋ.
"ಮದುವೆ ಜವಳಿಯಾ ಇದು, ಮಾರಾಯ?
ಕೆಲಸ ಎಷ್ಟು ಹಿಡಿದಿದ್ದೀ?"
ಒಂದು, ಅಂದೆ. ಕಾಜುಬಾಗ, ಪೆಡ್ನೇಕರ್ ಟೀಚರ ಮನೆ.
ನಲ್ಲಿ ಸೋರುತ್ತದೆ, ಬಾಗಿಲು ಉಬ್ಬಿದೆ,
ಅಡುಗೆಮನೆ ಗೋಡೆಗೊಂದು ಕಪಾಟು.

"ಹಾಗಾದರೆ ನಲ್ಲಿಗೆ ಪಾನಾ, ಬಾಗಿಲಿಗೆ ಕೀಸುಳಿ,
ಗೋಡೆಗೆ ಡ್ರಿಲ್ಲು. ಉಳಿದದ್ದನ್ನು
ಉಳಿದ ಮನೆಗಳು ಕೊಡಿಸುತ್ತವೆ."
ಅಗ್ಗದ ಡ್ರಿಲ್ಲಿನ ಮೇಲೆ ಕೈಯಿಟ್ಟರೆ ಕೈ ಹಿಡಿದರು:
"ಅದು ಘಟ್ಟದ ಮೇಲಿನವರಿಗೆ. ಇಲ್ಲಿಯ ಉಪ್ಪುಗಾಳಿ
ಒಂದೇ ಮಳೆಗಾಲದಲ್ಲಿ ಅದರ ಕರುಳು ತಿನ್ನುತ್ತದೆ."
ದುಬಾರಿಯದನ್ನು ಮಾರುವವರು ಹೇಳುವ ಮಾತೇ.
ಆದರೂ ನಂಬಿದೆ. ಗಾಳಿಯನ್ನು ನಾನೂ ಬಲ್ಲೆ.

ಹೊರಡುವಾಗ ಕಂಡಿತು, ಮೊಳೆಗೆ ತೂಗುಹಾಕಿದ್ದು,
ಹಳದಿ ಪಟ್ಟಿ, ನಡುವೆ ಗಾಜು,
ಗಾಜಿನೊಳಗೆ ಹಸಿರು ರಸ, ರಸದೊಳಗೊಂದು ಗುಳ್ಳೆ.
ಪಟ್ಟಿಯಲ್ಲಿರಲಿಲ್ಲ.
ಮುನ್ನೂರೈವತ್ತು ಕೊಟ್ಟು ಇಳಿಸಿಕೊಂಡೆ.

ಹನ್ನೊಂದು ವರ್ಷ ಪಾಸ್ಕು ಮೇಸ್ತ್ರಿಯ ಕೈಕೆಳಗೆ.
ಅವರದೇ ಸುತ್ತಿಗೆ, ಅವರದೇ ಕರಣೆ,
ದಿನಕ್ಕೆ ಹತ್ತು ರೂಪಾಯಿ ಹತಾರದ ಬಾಬ್ತು
ಶನಿವಾರದ ಬಟವಾಡೆಯಲ್ಲಿ ಮುರಿದುಕೊಂಡು
ಬೀಡಾ ಕೊಡಿಸುತ್ತಿದ್ದರು.
ರಸಮಟ್ಟ ಮಾತ್ರ ಅವರಲ್ಲಿ ಇರಲಿಲ್ಲ.
ಒಂದು ಕಣ್ಣು ಮುಚ್ಚಿ, ಹೆಬ್ಬೆರಳೆತ್ತಿ,
"ಸಮಾ" ಅನ್ನುತ್ತಿದ್ದರು. ಸಮವೇ ಇರುತ್ತಿತ್ತು.
ಯಾರೂ ಅಳೆದು ನೋಡಿರಲಿಲ್ಲ, ಅಷ್ಟೆ.

ಆ ರಾತ್ರಿ ಮನೆಯನ್ನೆಲ್ಲ ಅಳೆದೆ.
ಮೇಜು, ಹೊಸ್ತಿಲು, ದೇವರ ಮಣೆ,
ಟಿವಿ ಸ್ಟ್ಯಾಂಡು, ಮಲಗಿದ ಮಗಳ ಬೆನ್ನು.
ಎಲ್ಲೂ ಗುಳ್ಳೆ ನಡುವೆ ನಿಲ್ಲಲಿಲ್ಲ.
"ಇಷ್ಟು ವರ್ಷ ಇದರ ಮೇಲೇ ಉಂಡಿದ್ದೇವಲ್ಲ,
ಸಾರು ಚೆಲ್ಲಿತಾ?" ಅಂದಳು ಮಂದಾ,
ದೀಪ ಆರಿಸಿದಳು.

ಟೀಚರ ಮನೆಯ ನಲ್ಲಿ ಹತ್ತು ನಿಮಿಷ.
ಬಾಗಿಲು ಮಧ್ಯಾಹ್ನದವರೆಗೆ ತಿಂದಿತು,
ಕೀಸಿದಷ್ಟೂ ಉಬ್ಬು, ಒಳಗೆಲ್ಲ ಮಳೆಗಾಲ.
ಕಪಾಟಿಗೆ ಗೋಡೆಯ ಮುಂದೆ ನಿಂತಾಗ ಗುರುತು ಸಿಕ್ಕಿತು:
ಮೇಲಿದ್ದ ನಾಲ್ಕಡಿ ಹಲಗೆ ನಮ್ಮದೇ,
ಒಂಬತ್ತು ವರ್ಷದ ಹಿಂದಿನದು.
ಮೊಳೆ ಎತ್ತಿಕೊಟ್ಟದ್ದು ನಾನು,
ಹೆಬ್ಬೆರಳೆತ್ತಿದ್ದು ಮೇಸ್ತ್ರಿ.
ರಸಮಟ್ಟ ಇಟ್ಟೆ.
ಗುಳ್ಳೆ ಎಡಕ್ಕೆ ಓಡಿತು.
ಕಿರುಬೆರಳಿನ ಅಗಲ, ಬಲಕ್ಕೆ, ಕಡಲ ಕಡೆಗೆ, ಇಳಿಜಾರು.

ಅದರ ಮೇಲೆ ಒಂಬತ್ತು ವರ್ಷ
ಕೋಕಂ ಬಾಟಲಿ, ಉಪ್ಪಿನ ಭರಣಿ, ಅಲುಗದೆ ಕೂತಿವೆ.

ಹೊಸ ಡ್ರಿಲ್ಲಿನ ಮೊದಲ ತೂತು
ಗುಳ್ಳೆ ಹೇಳಿದಲ್ಲೇ ಕೊರೆದೆ.
ಹಿಂದೆ ಸರಿದು ನೋಡಿದರೆ
ಹಲಗೆಗೂ ನನ್ನ ಗೆರೆಗೂ ನಡುವಿನ ಸಂದಿ
ಒಂದು ಬದಿಗೆ ಬಾಯಿಬಿಟ್ಟು ನಗುತ್ತಿದೆ.
ಇದನ್ನು ನೋಡಿದವರು ಯಾವುದನ್ನು ಸೊಟ್ಟ ಅಂದಾರು?
ಹಲಗೆಯನ್ನೋ? ಮೇಸ್ತ್ರಿಯನ್ನೋ?
ನಿನ್ನೆ ಅಂಗಡಿಗೆ ಹೋಗಿ ಬಂದವನನ್ನೋ?

ಕಿರುಬೆರಳು ಕೆಳಗೆ, ಇನ್ನೊಂದು ತೂತು ಕೊರೆದೆ.

ಟೀಚರು ಕೈಯೊರೆಸುತ್ತ ಬಂದು ಬಾಗಿಲಲ್ಲಿ ನಿಂತರು,
ಒಂದು ಕಣ್ಣು ಕಿರಿದು ಮಾಡಿ
"ಅಡ್ಡಿಲ್ಲ, ಸಮಾ ಉಂಟು" ಅಂದರು.
ಒಂಬೈನೂರು ಎಣಿಸಿ ಕೊಟ್ಟರು.

ಗರಗಸಕ್ಕೆ ಇಷ್ಟು ಸಾಕು.
ರಸಮಟ್ಟವನ್ನು ಅಂಗಿಯಲ್ಲಿ ಸುತ್ತಿ ಚೀಲಕ್ಕಿಟ್ಟೆ.
ಸರಿಯಾದ ತೂತು ಅಲ್ಲೇ ಇದೆ,
ಕಪಾಟಿನ ಹಿಂದೆ.