ಮೂರು ಪೊಂತು

ಕಾಲರಿನ ಒಳಗೆ ಹೊಲಿಯುವ ಬಿಳಿ ಪಟ್ಟಿ,
ಹೆಬ್ಬೆರಳಗಲ, ಅದರಲ್ಲಿ ಹನ್ನೊಂದು ಭಾಷೆ.
ತಣ್ಣೀರಲ್ಲಿ ಒಗೆಯಿರಿ, ನೆರಳಲ್ಲಿ ಒಣಗಿಸಿ
ಎಂದು ಹನ್ನೊಂದು ಸಲ. ಕನ್ನಡ ಇಲ್ಲ.
ಬಟ್ಟೆ ಒಗೆಯೋದನ್ನ ನಮಗೆ ಯಾರು ಹೇಳಿಕೊಡಬೇಕು
ಎಂದು ನಕ್ಕಳು ತಬಸ್ಸುಮ್, ದಾರ ಹಲ್ಲಲ್ಲಿ ಕಚ್ಚಿ.

ನಾನು ಏಳನೇ ಲೈನಿನ ಚೆಕ್ಕರ್.
ತಪ್ಪು ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಕೆಲಸ:
ಇಲ್ಲಿ ಹೊಲಿಗೆ ಜಾರಿದೆ, ಇಲ್ಲಿ ಗುಂಡಿ ಸಡಿಲ,
ಇಲ್ಲಿ ಎಣ್ಣೆ ಕಲೆ.
ಬಾಣ ಬಾಯಿಬಿಟ್ಟು ಏನೂ ಹೇಳುವುದಿಲ್ಲ.
ನೋಡು ಅನ್ನುತ್ತದೆ, ಅಷ್ಟೇ.
ದಿನಕ್ಕೆ ಎಂಟುನೂರು ಅಂಗಿ. ಸಂಜೆ ಕಂಪನಿ ಬಸ್ಸಿನ ಕಿಟಕಿಯಲ್ಲಿ
ಹಾಸನದ ಮೇಲೆ ಹೊರಟ ಚಂದ್ರನಿಗೂ ಒಂದು ಅಂಟಿಸೋಣವೆನಿಸುತ್ತದೆ:
ಅಂಚು ಸರಿಯಿಲ್ಲ.

ಪಟ್ಟಿಯ ಐದನೆಯ ಭಾಷೆಯೇ ಯಾಕೆ ಹಿಡಿಯಿತೋ.
ಅಕ್ಷರದ ತಲೆ ಮೇಲೆ, ಹುಬ್ಬು ಹಾರಿಸಿದಂತೆ, ಒಂದು ಡೊಂಕು ಗೆರೆ.
ನಾಂವ್ ತೊರ್ಸೇರ್. ಹಿಂಡಬೇಡಿ.
ಒಂದು ವಾರ ಅದನ್ನೇ ಬಾಯಲ್ಲಿಟ್ಟುಕೊಂಡು ಓಡಾಡಿದೆ,
ಲವಂಗದ ಹಾಗೆ.

ಹೊಸಲೈನ್ ರಸ್ತೆಯ ಮಹಡಿ ಕೋಣೆ, ರಾತ್ರಿ ಹತ್ತು.
ಕೆಳಗೆ ಬೇಕರಿಯವನು ಷಟರ್ ಎಳೆಯುವ ಸದ್ದು.
ಗಾಜು ಸೀಳಿದ ಫೋನಿನಲ್ಲಿ ಒಂದು ಪೋರ್ಚುಗೀಸ್ ಕಥೆ,
ಒಂದೂವರೆ ಪುಟ. ಅದರ ಮೇಲೆ
ಯಾರು ಯಾರೋ ಬಣ್ಣ ಬಳಿದಿದ್ದಾರೆ, ಅರಿಸಿನ, ಗಿಳಿಹಸಿರು.
ಬಣ್ಣ ಮುಟ್ಟಿದರೆ ಪಕ್ಕದಲ್ಲಿ ಟಿಪ್ಪಣಿ ಬಿಚ್ಚಿಕೊಳ್ಳುತ್ತದೆ.
ಈ ಕ್ರಿಯಾಪದ ಹಳೆಯದು, ಅಂತ ಒಬ್ಬ.
ನನ್ನಜ್ಜಿ ಹೀಗೇ ಅನ್ನುತ್ತಿದ್ದಳು, ಅಂತ ಇನ್ನೊಬ್ಬಳು.
ಒಬ್ಬನಂತೂ ಪದ ಪದಕ್ಕೂ ಬರೀ ಪ್ರಶ್ನಾರ್ಥಕ ಹಾಕಿ ಹೋಗಿದ್ದಾನೆ.
ಅವನೇ ನನಗೆ ಹತ್ತಿರದ ನೆಂಟ.

ಆರು ತಿಂಗಳು ನಾನು ಏನೂ ಬರೆಯಲಿಲ್ಲ.
ಮದುವೆ ಮನೆಯಲ್ಲಿ ಕಂಬಕ್ಕೊರಗಿ ನಿಂತವಳ ಹಾಗೆ
ಬೇರೆಯವರ ಮಾತು ಕೇಳಿದೆ.

ಮೊನ್ನೆ ಕಥೆಯಲ್ಲಿ ಒಬ್ಬ ಮುದುಕಿ. ಸತ್ತ ಗಂಡನ ಅಂಗಿ.
ಕಂಕುಳ ಹತ್ತಿರ ಅವಳು ಹಾಕಿದ್ದು ಮೂರು ಪೊಂತು.
ಪೊಂತು ಅಂದರೆ ಪೂರ್ಣವಿರಾಮ, ಅಂತ ನಿಘಂಟು.
ಪಕ್ಕದಲ್ಲಿ ಜಗಳವೋ ಜಗಳ.
ಶೋಕದ ಗುರುತು, ಅಂದ ಪೋಲೆಂಡಿನ ಹುಡುಗ.
ಬಾಳು ಮುಗಿದದ್ದಕ್ಕೆ ಮೂರು ಚುಕ್ಕಿ, ಅಂದರು ಯಾರೋ ಮೇಷ್ಟ್ರು,
ತುಂಬಾ ಉದ್ದಕ್ಕೆ.
ಓದುತ್ತ ಓದುತ್ತ ನನ್ನ ಬೆರಳು ತಾನಾಗಿ ನನ್ನ ಕಂಕುಳ ಬಳಿ ಹೋಯಿತು.
ಅಯ್ಯೋ ದೇವರೇ, ಅದು ಹೊಲಿಗೆ ಕಣ್ರೀ.
ಅಂಗಿಯಲ್ಲಿ ಮೊದಲು ಬಿಚ್ಚಿಕೊಳ್ಳುವುದೇ ಆ ಜಾಗ,
ತೋಳೆತ್ತಿ ದುಡಿದವರ ಯಾವ ಅಂಗಿಯನ್ನಾದರೂ ನೋಡಿ.

ಒಂದೊಂದೇ ಅಕ್ಷರ ಹುಡುಕಿ, ಕಾಗುಣಿತ ತಪ್ಪುತ್ತ, ಬರೆದೆ:
ಇಲ್ಲಿ ಪೊಂತು ಹೊಲಿಗೆ. ಮೂರು ಹೊಲಿಗೆ.
ಇನ್ನು ಆ ಅಂಗಿ ಅವಳೇ ತೊಡುತ್ತಾಳೆ.

ಬೆಳಿಗ್ಗೆ ನೋಡಿದರೆ ನನ್ನ ಟಿಪ್ಪಣಿಗೆ ನಾಲ್ಕು ಟಿಪ್ಪಣಿ.
ಮೇಷ್ಟ್ರು ತಮ್ಮದನ್ನು ಅಳಿಸಿರಲಿಲ್ಲ, ಕೆಳಗೆ ಸೇರಿಸಿದ್ದರು:
ನಾನು ಈವರೆಗೆ ಒಂದು ಗುಂಡಿಯನ್ನೂ ಹೊಲಿದವನಲ್ಲ.
ಪ್ರಶ್ನಾರ್ಥಕದವನು ಮೊದಲ ಸಲ ಆಶ್ಚರ್ಯಸೂಚಕ ಹಾಕಿದ್ದ.
ಬ್ರೆಜಿಲ್ಲಿನ ಒಬ್ಬ ಹೆಂಗಸು ಕೇಳಿದ್ದಳು:
ನಮ್ಮಲ್ಲಿ ದಾರಕ್ಕೂ ಲಿನ್ಯ, ಬರೆದ ಸಾಲಿಗೂ ಲಿನ್ಯ,
ರೈಲು ಹೋಗುವುದೂ ಲಿನ್ಯ. ನಿಮ್ಮಲ್ಲಿ?

ಏನು ಹೇಳಲಿ. ನಮ್ಮಲ್ಲಿ ದಾರ ದಾರವೇ, ಸಾಲು ಸಾಲೇ.
ಆದರೆ ನಾನಿರುವುದು ಹೊಸಲೈನ್ ರಸ್ತೆ,
ದುಡಿಯುವುದು ಏಳನೇ ಲೈನು.
ಇದನ್ನು ಹೇಳುವಷ್ಟು ಪೋರ್ಚುಗೀಸ್ ನನಗಿನ್ನೂ ಬರದು.
ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಆ ದಿನ ಸೂಪರ್‌ವೈಸರ್ ಧರಣೇಂದ್ರ ಕರೆದು ಕೇಳಿದರು:
ಈ ಪೀಸಿನಲ್ಲಿ ತಪ್ಪೆಲ್ಲಿದೆಯಮ್ಮಾ? ಬಾಣ ಯಾಕೆ?
ನೋಡಿದೆ. ತಪ್ಪಿರಲಿಲ್ಲ.
ಕಂಕುಳ ಹೊಲಿಗೆ, ತಬಸ್ಸುಮ್ ಕೈಯದು,
ಇಂಚಿಗೆ ಹನ್ನೆರಡು, ಒಂದೂ ಅತ್ತಿತ್ತಿಲ್ಲ.
ತಪ್ಪಿಗಲ್ಲ ಸರ್, ಅನ್ನಬೇಕೆಂದಿದ್ದೆ.
ಬಾಣ ಕಿತ್ತು ಬೆರಳ ತುದಿಗೆ ಅಂಟಿಸಿಕೊಂಡೆ.
ಊಟದ ಗಂಟೆಯವರೆಗೂ ಅಲ್ಲೇ ಇತ್ತು.