ಬಳಸುದಾರಿ

ನಾಪೋಕ್ಲು ಎಕ್ಸ್‌ಚೇಂಜಿನ ಗೋಡೆಯ ಮೇಲೆ
ಇದ್ದಿಲಲ್ಲಿ ನಾನು ಬರೆದ ನಕ್ಷೆ ಇನ್ನೂ ಇದೆ.
ಮಡಿಕೇರಿ ಒಂದು ಗೂಟ. ಅದಕ್ಕೆ ಕಟ್ಟಿದ ಎರಡು ಹಗ್ಗ:
ಒಂದರಲ್ಲಿ ಮೂರ್ನಾಡು, ನಾಪೋಕ್ಲು,
ಇನ್ನೊಂದರಲ್ಲಿ ಬೆಟ್ಟಗೇರಿ, ಚೇರಂಬಾಣೆ, ಭಾಗಮಂಡಲ.
ಎರಡು ತುದಿಗಳ ನಡುವೆ, ಅಯ್ಯಂಗೇರಿಯ ಕಡೆ,
ಬರೀ ಗೋಡೆ. ಸುಣ್ಣ.

ಆ ಸುಣ್ಣದ ಜಾಗದಲ್ಲಿ ನಿಜಕ್ಕೂ ಒಂದು ಗುಡ್ಡ.
ಈಚೆ ಅಕ್ಕ ಪೂವವ್ವ, ಆಚೆ ತಂಗಿ ಚೋಂದವ್ವ.
ಕೂಗಿದರೆ ಕೇಳೀತು.
ಆದರೆ, "ಅಳಿಯ ನಿನ್ನೆಯೂ ಕುಡಿದು ಬಂದ" ಎಂಬುದನ್ನು
ಗುಡ್ಡ ದಾಟಿಸಿ ಕೂಗುವುದುಂಟೆ?
ಆ ಮಾತು ತಂತಿ ಹಿಡಿದು ಮಡಿಕೇರಿಗೆ ಹತ್ತಿ,
ಮತ್ತೆ ಇಳಿದು, ನಲವತ್ತು ಮೈಲಿ ಸುತ್ತಿ
ಅರ್ಧ ಮೈಲಿಯಾಚೆಯ ಕಿವಿಗೆ ಬೀಳುತ್ತಿತ್ತು.

ಆದರೂ ನೋಡಿ, ತಂಗಿಯ ಅಂಗಳದ ಹುಂಜ
ಮೊದಲು ಫೋನಿನೊಳಗೆ ಕೂಗುತ್ತಿತ್ತು,
ಆಮೇಲೆ ಗುಡ್ಡದ ಮೇಲಿಂದ.
ದೂರ ದೊಡ್ಡದಲ್ಲ ಎಂದು ನನಗೆ ಕಲಿಸಿದ್ದು ಆ ಹುಂಜ.
ದೊಡ್ಡದು ಗೂಟ.
ಪುತ್ತರಿಯ ರಾತ್ರಿ ಊರಿಗೆ ಊರೇ ಫೋನೆತ್ತಿದರೆ
ಮಾತೆಲ್ಲ ಮಡಿಕೇರಿಯ ಬಾಗಿಲಲ್ಲಿ ನೂಕಾಡಿ
ಒಳಗೆ ಹೋದದ್ದು ನಾಲ್ಕು, ಹೊರಗೇ ನಿಂತದ್ದು ನಾನೂರು.

ಒಂದು ಆಟಿಯ ಸಂಜೆ ಬೆಟ್ಟಗೇರಿಯಲ್ಲಿ ಮರ ಬಿತ್ತು.
ಅದೇ ಸಂಜೆ ಗುಡ್ಡದಾಚೆ ಜೋಡಿ ಗುಂಡು.
ಜೋಡಿ ಗುಂಡೆಂದರೆ ಸಾವು.
ತಂತಿ ಬೇಡ, ಗೂಟ ಬೇಡ, ನಾಡಿಗೆಲ್ಲ ಒಮ್ಮೆಗೇ ಕೇಳುತ್ತದೆ.
ಯಾರು ಎಂದು ಮಾತ್ರ ಹೇಳುವುದಿಲ್ಲ.
ಪೂವವ್ವ ಫೋನೆತ್ತಿದರೆ ಸತ್ತ ಸದ್ದು.
ಟಾರ್ಚಿಲ್ಲದೆ ಗುಡ್ಡ ಹತ್ತಿದಳಂತೆ,
ಕಾಲ ತುಂಬ ಜಿಗಣೆ, ಬಾಯ ತುಂಬ ತಂಗಿಯ ಹೆಸರು.
ಹೋಗಿದ್ದು ಪಕ್ಕದ ಮನೆಯ ಅಜ್ಜ.
ಬಾಗಿಲು ತೆರೆದ ಚೋಂದವ್ವನ ಕೆನ್ನೆಗೆ
ಮೊದಲು ಒಂದು ಬಿಗಿದಳಂತೆ.

ಮೂರು ವರ್ಷ ಅರ್ಜಿ ಬರೆದೆ.
"ಎಲ್ಲರಿಗೂ ಫೋನುಂಟಲ್ಲ ಬೆಳ್ಯಪ್ಪ,
ಇನ್ನೊಂದು ತಂತಿ ಯಾರಿಗೆ?" ಎಂದರು ಸಾಹೇಬರು.
ಇದ್ದಿಲಿನಲ್ಲಿ ಸುಣ್ಣದ ಮೇಲೆ ಗೀಟೆಳೆದು ತೋರಿಸಿದೆ:
ಎರಡು ಹಗ್ಗ ಹೋಗಿ ಒಂದು ಬಳೆ.
ಕೊನೆಗೂ ಕೇಬಲ್ಲು ಬಂತು.

ಮೊನ್ನೆ ಆನೆಯೊಂದು ಅಯ್ಯಂಗೇರಿಯ ಕಂಬಕ್ಕೆ ಮೈ ಉಜ್ಜಿತು.
ಹೊಸ ತಂತಿ ಕಡಿಯಿತು. ಎಕ್ಸ್‌ಚೇಂಜಿನಲ್ಲಿ
ಒಂದು ಕೆಂಪು ದೀಪ ಮಿಣುಕಿ, ಮಾತೆಲ್ಲ ಬೆನ್ನು ತಿರುಗಿಸಿ
ಹಳೆಯ ನಲವತ್ತು ಮೈಲಿಗೆ ಹೊರಟಿತು.
ಕೆಸರು ಕೈಯಲ್ಲಿ ನಾನು ಜೋಡಣೆ ಹಾಕುತ್ತಿದ್ದಾಗ
ಮೇಲಿನ ಅಂಗಳದಲ್ಲಿ ಪೂವವ್ವ,
ಕಿವಿಗೆ ಫೋನು, ನಗುತ್ತ, ಬೈಯುತ್ತ.
ನನ್ನ ಕಂಡು ಕೈ ಅಡ್ಡ ಹಿಡಿದು ಕೇಳಿದಳು:
"ಏನೋ ಬೆಳ್ಯಪ್ಪ, ಅಷ್ಟು ಅಗೆದೆಯಲ್ಲ,
ಆ ಹೊಸ ತಂತಿಯಿಂದ ಏನು ಬದಲಾಯಿತು?"

ಏನೂ ಇಲ್ಲವ್ವ, ಎಂದೆ.
ಫೋನಿನಲ್ಲಿ ಹುಂಜ ಕೂಗಿತು.
ಆಮೇಲೆ ಗುಡ್ಡದ ಮೇಲೆ.