ಎರಡು ಸಹಿ

ಹ್ಯಾಚರ್ ಕೌಂಟಿ ಕಚೇರಿಯ ನೆಲಮಾಳಿಗೆಯಲ್ಲಿ
ನನ್ನ ಕೆಲಸ ಇಷ್ಟೇ:
ಎಡಕ್ಕೆ ಹಳೆಯ ಸಹಿ, ಬಲಕ್ಕೆ ಹೊಸ ಸಹಿ,
ನಡುವೆ ನಾನು.
ಗಂಟೆಗೆ ಹನ್ನೊಂದು ಡಾಲರ್, ಊಟಕ್ಕೆ ಅರ್ಧ ಗಂಟೆ.
ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಅಕ್ಷರದ ವಿಚಾರ ನನಗೇನು ಗೊತ್ತು?
ಅರ್ಧ ದಿನ ಕೂರಿಸಿ ಕಲಿಸಿದರು:
ಓರೆ ನೋಡು, ಒತ್ತು ನೋಡು, ಬಾಲ ನೋಡು,
ಅನುಮಾನ ಬಂದರೆ ಹಳದಿ ತಟ್ಟೆಗೆ ಹಾಕು.

ಅನುಮಾನಕ್ಕೇನು, ಕರೆಯದೆಯೂ ಬರುತ್ತದೆ.
ಹಣೆಬರಹ ಓದುವವರ ಸುದ್ದಿ ಕೇಳಿದ್ದೆ;
ಇಲ್ಲಿ ನಾವು ಕೈಬರಹ ಓದಿ
ಹಣೆಬರಹ ಬರೆಯುತ್ತೇವೆ,
ಗಂಟೆಗೆ ಎಂಬತ್ತು ಲಕೋಟೆಯ ಲೆಕ್ಕದಲ್ಲಿ.

ಸೋಮವಾರ ಸಿಕ್ಕಿತು ಅದು.
ಲುವೀನಿಯಾ ಗ್ಯಾಡ್ಸ್‌ಡೆನ್, ಓಲ್ಡ್ ಫೆರಿ ರಸ್ತೆ.
ಎಡಕ್ಕೆ, ಅರವತ್ತಮೂರನೇ ಇಸವಿಯ ಕಾರ್ಡು:
ಇಸ್ತ್ರಿ ಹಾಕಿದ ಕಾಲರಿನ ಹಾಗೆ ನೆಟ್ಟಗೆ ಹೆಸರು,
ಮೊದಲಕ್ಷರದ ಬಾಲ ಅಡಿಗುಂಟ ಹರಿದು
ಕೊನೆಗೊಂದು ಪುಟ್ಟ ಗಂಟು.
ಬಲಕ್ಕೆ, ಈ ಸಲದ ಲಕೋಟೆ:
ಮಣ್ಣಿನ ದಾರಿಯಲ್ಲಿ ಬಸ್ಸಿನೊಳಗೆ ಕೂತು ಬರೆದಂತೆ
ಬಿದ್ದು ಎದ್ದು ಬಿದ್ದ ಗೆರೆ,
ಗ್ಯಾಡ್ಸ್‌ಡೆನ್ ಇರಬೇಕಾದ ಕಡೆ ಒಂದು ಅಲೆ,
ಆಮೇಲೆ ಕಾಗದದ ಅಂಚು.

ಅವಳ ಮೊಮ್ಮಕ್ಕಳು ನನಗೆ ಗೊತ್ತು. ಬಸ್ಸಿನ ಮೂರನೇ ಸೀಟು,
ಕಿಟಕಿಗಾಗಿ ದಿನಾ ಜಗಳ.
ನಮೂನೆಯಲ್ಲಿ ಮೊಮ್ಮಕ್ಕಳಿಗೆ ಕಾಲಮ್ಮಿರಲಿಲ್ಲ.
ಹಳದಿ ತಟ್ಟೆಗೆ ಹಾಕಿದೆ.
ಹಾಕಿದ್ದು ನಾನೇ, ಬೇರೆ ಯಾರೂ ಅಲ್ಲ.

ಪತ್ರ ಹೋಯಿತು: ಶುಕ್ರವಾರ ಸಂಜೆ ಐದರೊಳಗೆ
ಖುದ್ದಾಗಿ ಬರತಕ್ಕದ್ದು.
ಮೂವತ್ತೊಂದು ಮೈಲಿ.
ಆ ದಾರಿಯಲ್ಲಿ ಓಡುತ್ತಿದ್ದ ಬಸ್ಸು ಒಂದೇ,
ಅದು ನನ್ನದು, ಮಕ್ಕಳಿಗೆ ಮಾತ್ರ.
ಅಗ್ನಿಶಾಮಕ ಠಾಣೆಯಲ್ಲಿದ್ದ ಮತಗಟ್ಟೆಗೆ
ಹೋದ ವರ್ಷವೇ ಬೀಗ ಬಿದ್ದಿತ್ತು.
ಉಳಿತಾಯ, ಎಂದಿದ್ದರು.

ಶುಕ್ರವಾರ, ಐದಕ್ಕೆ ಕಾಲು ಗಂಟೆ ಇರುವಾಗ
ಚರ್ಚಿನ ವ್ಯಾನು ಬಂತು.
ಎಡಗೈಯಲ್ಲಿ ಕೋಲು. ಬಲಗೈ
ಕೋಟಿನ ಜೇಬಿನೊಳಗೆ, ಮಲಗಿದ ಮಗುವಿನ ಹಾಗೆ.
'ಆ ಹಳೇ ಕಾರ್ಡು ತೋರಿಸು' ಎಂದಳು.
ತೋರಿಸಬಾರದೆಂದು ನಿಯಮ ಇತ್ತೋ ಏನೋ,
ನಾನು ಹುಡುಕಲಿಲ್ಲ.

ಬಹಳ ಹೊತ್ತು ನೋಡಿದಳು,
ಬೇರೆ ಯಾರದೋ ಮದುವೆಯ ಫೋಟೊ ನೋಡುವಂತೆ.

'ಇದು ನನ್ನ ಸಹಿಯಲ್ಲ ಕಣೇ,
ಇದು ನನ್ನ ಹೆದರಿಕೆ.
ಹತ್ತೊಂಬತ್ತು ವರ್ಷ ಆಗ, ಲಾಂಡ್ರಿಯಲ್ಲಿ ಕೆಲಸ.
ಇದೇ ಕಟ್ಟಡ, ಎರಡನೇ ಮಹಡಿ, ಬಿಳಿಯ ಗುಮಾಸ್ತ.
ಸಂವಿಧಾನದ ಒಂದು ಪ್ಯಾರಾ ನಕಲು ಮಾಡು ಅನ್ನುತ್ತಿದ್ದ.
ಎಲ್ಲೋ ಒಂದು ಚುಕ್ಕೆ ಬಿಟ್ಟಳೆಂದು
ನಮ್ಮಕ್ಕನ ಅರ್ಜಿ ಹರಿದು ಅವಳ ಕೈಗೇ ಕೊಟ್ಟ.
ಅದಕ್ಕೇ ತಿಂಗಳುಗಟ್ಟಲೆ ರಾತ್ರಿ
ಅಂಗಿ ಮಡಚುವ ರಟ್ಟಿನ ಮೇಲೆ
ನನ್ನ ಹೆಸರು ತಿದ್ದಿದೆ, ತಿದ್ದಿದೆ, ತಿದ್ದಿದೆ.
ಅವನಿಗೆ ತಪ್ಪು ಸಿಗಬಾರದಿತ್ತು. ಸಿಗಲಿಲ್ಲ.
ಆಮೇಲೆ ಅಷ್ಟು ಚೆಂದ ಯಾವತ್ತೂ ಬರೆದಿಲ್ಲ.
ಈ ಸೊಟ್ಟದ್ದಿದೆಯಲ್ಲ,
ಇದು ಎಡಗೈಯದ್ದು, ಅಡುಗೆಮನೆಯಲ್ಲಿ,
ರೇಡಿಯೊ ಹಚ್ಚಿಕೊಂಡು ಹಾಕಿದ್ದು.
ಇದು ನನ್ನದು.'

ಹಾಳೆ ಮುಂದಿಟ್ಟೆ. ಮೇಲೆ ದಪ್ಪಕ್ಷರದಲ್ಲಿ: ತಿದ್ದುಪಡಿ.
ಈ ನಾಡಿನಲ್ಲಿ ತಿದ್ದಲು ಉಳಿದದ್ದು
ಅವಳ ಹೆಸರೊಂದೇ ಎಂಬಂತೆ.
ಕೆಳಗೆ ಮತ್ತೆ ಸಹಿ ಬೇಕಿತ್ತು.
ಹಾಕಿದಳು. ಅದು ಎಡಕ್ಕೂ ಹೋಲಲಿಲ್ಲ, ಬಲಕ್ಕೂ.
ಇಬ್ಬರೂ ನೋಡಿದೆವು. ಅವಳು ನಕ್ಕಳು.
ಮುದ್ರೆ ಒತ್ತಿದೆ.

ವ್ಯಾನು ಹೋದಾಗ ಐದು ಹೊಡೆದಿತ್ತು.
ಹಳದಿ ತಟ್ಟೆಯಲ್ಲಿ ಇನ್ನೂ ನೂರಾ ಹದಿನಾಲ್ಕು.
ಒಂದೊಂದೇ ತೆಗೆದು ವಿಳಾಸ ಓದಿದೆ.
ಅರ್ಧಕ್ಕರ್ಧ ಮನೆಗಳು ನನಗೆ ಗೊತ್ತಿದ್ದವು:
ಯಾವ ತಿರುವು, ಯಾವ ಗೇಟು,
ಎಲ್ಲಿ ನಿಲ್ಲಿಸಿ
ಎಷ್ಟು ಸಲ ಹಾರ್ನ್ ಹಾಕಿದರೆ ಬಾಗಿಲು ತೆರೆಯುತ್ತಿತ್ತು.